575 ಮೆಟ್ಟಿಲು

(ಕಲಿಕಾ ಕೇಂದ್ರದ ಅಕ್ಕಂದಿರು ಅಂಜನಾದ್ರಿ ಗುಡ್ಡ ಹತ್ತಲು ಹೊರಡುವ ಹಿಂದಿನ ದಿನ ಒಬ್ಬ ಹಿರಿಯ ಕಲಿಕಾರ್ತಿ ಆಡಿದ ಮಾತು)



ನಾಳೆ ಬುಧವಾರ. ನಾವೆಲ್ಲ ಸೇರಿ ಗುಡ್ಡ ಹತ್ತೋಕೆ ಹೋಗ್ತೀವಿ. ಬೆಳಿಗ್ಗೆ ಹೋಗಿ ಸಂಜೆ ಬರೋದು. ಹೊಲದ ಕೆಲಸ ಒಂದು ದಿನ ನಿಂತರೆ ಏನೂ ಆಗಲ್ಲ. ಮನೆಯವರು ಒಂದು ದಿನ ತಾವೇ ಬಡಿಸಿಕೊಂಡು ಉಣ್ಣಲಿ.

ನಗಬೇಡಿ. ನಾನು ನಿಜವಾಗಿಯೇ ಹೇಳ್ತಾ ಇದ್ದೀನಿ.

ಹೊರಡುವ ಮುಂಚೆ ನಾಲ್ಕು ಮಾತು ಹೇಳಬೇಕು. ಯಾಕೆ ಗೊತ್ತಾ? ಈ ಗುಡ್ಡವನ್ನು ನಾನು ಮೊದಲ ಸಲ ಹತ್ತಿದ್ದು 1995ರಲ್ಲಿ. ಆಗ ನನಗೆ ಒಂದು ಅಕ್ಷರವೂ ಬರ್ತಿರಲಿಲ್ಲ.

ಗುಡ್ಡ ಎಲ್ಲಿದೆ?

ಗುಡ್ಡದ ಹೆಸರು ಅಂಜನಾದ್ರಿ. ಗಂಗಾವತಿ ತಾಲ್ಲೂಕಿನ ಆನೆಗೊಂದಿ ಹತ್ತಿರ ಇದೆ. ಅಲ್ಲಿ ಎರಡೂ ಕಡೆ ಬಂಡೆಗುಡ್ಡಗಳು. ನಡುವೆ ಕಣಿವೆ. ಆ ಕಣಿವೆಯಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹೊಳೆಯ ಈಚೆ ನಮ್ಮ ಕೊಪ್ಪಳ ಜಿಲ್ಲೆ. ಆಚೆ ಹಂಪಿ. ಅದು ವಿಜಯನಗರ ಜಿಲ್ಲೆ.

ಗುಡ್ಡ ದೊಡ್ಡದೇನಲ್ಲ. 575 ಮೆಟ್ಟಿಲು. ತುದಿಯಲ್ಲಿ ಬೆಳ್ಳಗೆ ಸುಣ್ಣ ಬಳಿದಂತೆ ಕಾಣುವ ಹನುಮಪ್ಪನ ಗುಡಿ. ಹನುಮಪ್ಪ ಹುಟ್ಟಿದ್ದು ಇಲ್ಲೇ ಅಂತ ಜನರ ನಂಬಿಕೆ. ಅದಕ್ಕೇ ಎಲ್ಲಾ ಕಡೆಯಿಂದ ಜನ ಬರ್ತಾರೆ. ಶನಿವಾರ ಬಂದರೆ ಕಾಲಿಡಲು ಜಾಗ ಇರಲ್ಲ. ಅದಕ್ಕೇ ನಾವು ಬುಧವಾರ ಆರಿಸಿಕೊಂಡಿದ್ದು.

ಚಿಕ್ಕ ಗುಡ್ಡ ಅಂದರೆ ಎಲ್ಲರಿಗೂ ಸಲೀಸು. ಆದರೆ ಚಿಕ್ಕ ಗುಡ್ಡವೇ ನನಗೆ ದೊಡ್ಡ ಪಾಠ ಕಲಿಸಿತು.

1995ರಲ್ಲಿ ಏನಾಯಿತು?

ಆಗ ನಮ್ಮೂರು ರಾಯಚೂರು ಜಿಲ್ಲೆಯಲ್ಲಿತ್ತು. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ಚೈತ್ರ ಮಾಸ. ಕೆಂಡದಂಥ ಬಿಸಿಲು. ನಮ್ಮ ಓಣಿಯ ಐದು ಮಂದಿ ಹೆಂಗಸರು ಹರಕೆ ತೀರಿಸಲು ಹೋದೆವು. ನನ್ನ ನೆಗೆಣ್ಣಿಯೂ ಇದ್ದಳು. ಅವಳು ನನಗಿಂತ ದೊಡ್ಡವಳು. ಅಂದು ಅವಳಿಗೆ ಉಪವಾಸ. ನೀರೂ ಕುಡಿದಿರಲಿಲ್ಲ.

ಅರ್ಧ ಗುಡ್ಡ ಹತ್ತಿದ್ದೆವು. ಅವಳ ಮುಖ ಬಿಳಿಚಿಕೊಂಡಿತು.

"ಯಾಕಕ್ಕಾ?" ಅಂದೆ.

"ಏನಿಲ್ಲ ನಡಿ" ಅಂದಳು.

ಹತ್ತು ಮೆಟ್ಟಿಲು ಹೋಗಿರಲಿಕ್ಕಿಲ್ಲ. ಧೊಪ್ಪನೆ ಬಿದ್ದಳು.

ಯಾರೋ ಒಬ್ಬ ಮುದುಕಿ ತಂಬಿಗೆ ನೀರು ಕೊಟ್ಟಳು. ಬಂಡೆಯ ನೆರಳಿಗೆ ಒಯ್ದು ಮಲಗಿಸಿದೆವು. ಉಳಿದ ಮೂವರು ದರ್ಶನ ಮಾಡಿಕೊಂಡು ಬಸ್ಸಿಗೆ ಹೊತ್ತಾಯಿತು ಅಂತ ಹೋದರು. ನಾವಿಬ್ಬರೇ ಉಳಿದೆವು. ಆಮೇಲೆ ಅವಳು ಹೇಳಿದಳು:

"ತಲಿ ಮುಂಜಾನಿಯಿಂದ ತಿರುಗಾಕತ್ತಿತ್ತು. ಹೆಂಗ ಹೇಳ್ಲಿ? ನೀರು ಕುಡಿದ್ರ ಹೊರಗ ಹೋಗಬೇಕಾಕ್ಕೈತಿ. ಹೆಣ್ಮಕ್ಕಳು ಎಲ್ಲಿಗೆ ಹೋಗೂದು?"

ಈ ಮಾತು ನಿಮಗೆ ಹೊಸದೇನು? ಅಲ್ಲ. ನಾವೆಲ್ಲ ಹೀಗೆ ಮಾಡಿದವರೇ.

ಹೊತ್ತು ಮುಳುಗುವಾಗ ಹೇಗೋ ಗಂಗಾವತಿಗೆ ಬಂದೆವು. ಬಸ್ ನಿಲ್ದಾಣದಲ್ಲಿ ಸಾಲಾಗಿ ಬಸ್ಸು. ಎಲ್ಲದಕ್ಕೂ ಬೋರ್ಡು. ನನಗೆ ಬೋರ್ಡು ಅಂದರೆ ಕರಿ ಗೀಟು, ಅಷ್ಟೇ. "ಕುಷ್ಟಗಿ ಬಸ್ಸು ಯಾವುದಪ್ಪಾ?" ಅಂತ ಕೇಳಿದೆ. ಒಬ್ಬಾತ ಕೈ ತೋರಿಸಿದ. ಆತ ತೋರಿಸಿದ್ದು ಒಂದು, ನಾನು ಹತ್ತಿದ್ದು ಇನ್ನೊಂದು. ಬಸ್ಸಿನ ತುಂಬ ಜನ. ಕಂಡಕ್ಟರ್ ನಮ್ಮ ತನಕ ಬರುವಷ್ಟರಲ್ಲಿ ಬಸ್ಸು ತುಂಗಭದ್ರೆ ದಾಟಿತ್ತು. ಅದು ಕಂಪ್ಲಿ ಬಸ್ಸು!

ತಿರುಗಿ ಬರಲು ಬಸ್ಸಿಲ್ಲ. ರಾತ್ರಿಯೆಲ್ಲ ಬಸ್ ನಿಲ್ದಾಣದಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಕುಳಿತೆವು. ಮರುದಿನ ಮನೆ ಸೇರಿದೆವು. "ಎಲ್ಲಿ ಇದ್ರಿ ರಾತ್ರಿ?" ಅಂತ ಕೇಳಿದರು. ಹೇಳಿದ್ದನ್ನು ಯಾರೂ ನಂಬಲಿಲ್ಲ. "ಇನ್ನ ಹೊಸ್ತಿಲ ದಾಟಬ್ಯಾಡ್ರಿ" ಅಂದರು. ಮೂರು ವರ್ಷ ನಾವಿಬ್ಬರೂ ತವರಿಗೂ ಒಂಟಿಯಾಗಿ ಹೋಗಲಿಲ್ಲ.

ಆಮೇಲೆ ಊರಿಗೆ ರಾತ್ರಿ ಶಾಲೆ ಬಂತು. "ಕ" ಕಲಿತ ದಿನ ನಾನು ಮೇಷ್ಟ್ರಿಗೆ ಕೇಳಿದೆ: "ಕುಷ್ಟಗಿ, ಕಂಪ್ಲಿ, ಎರಡೂ ಬರೆದು ತೋರಿಸ್ರಿ." ಅವರು ಬರೆದರು. ಎರಡಕ್ಕೂ ಮೊದಲು "ಕ". ಒಂದಕ್ಕೆ ಕೊಂಬು, "ಕು". ಇನ್ನೊಂದಕ್ಕೆ ಪಕ್ಕದಲ್ಲಿ ಸೊನ್ನೆ, "ಕಂ". ಒಂದು ಕೊಂಬು, ಒಂದು ಸೊನ್ನೆ. ಅಷ್ಟು ಗೊತ್ತಿಲ್ಲದೆ ನಾವು ಮೂರು ವರ್ಷ ಮನೆಯೊಳಗೆ ಕುಳಿತಿದ್ದೆವು. ಅವತ್ತು ಹಲಗೆ ಮುಂದೆ ಅತ್ತುಬಿಟ್ಟೆ.

ಮೊದಲು ಬೋರ್ಡು ಓದಿ

ನಾಳೆ ಯಾರನ್ನೂ ಬಸ್ಸು ಕೇಳಬೇಡಿ. ಮೊದಲು ನೀವೇ ಓದಿ. ಆಮೇಲೆ ಬೇಕಾದರೆ ಕೇಳಿ ಖಾತ್ರಿ ಮಾಡಿಕೊಳ್ಳಿ.

2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಶುರುವಾಯಿತು. ಅದರಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹಣ ಕೊಡುವ ಹಾಗಿಲ್ಲ. ಆದರೆ ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರ್ ಹಣವಿಲ್ಲದ ಟಿಕೆಟ್ ಕೊಡ್ತಾರೆ. ಅದನ್ನು ಮುದುಡಿ ಸೆರಗಿಗೆ ಕಟ್ಟಬೇಡಿ. ಬಿಡಿಸಿ ಓದಿ. ಎಲ್ಲಿಂದ, ಎಲ್ಲಿಗೆ ಅಂತ ಅದರಲ್ಲಿ ಇರುತ್ತದೆ. ಊರು ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಎರಡನೆಯದು, ಮೈ ಓದಿ

ಬೋರ್ಡು ಓದಿದ ಹಾಗೆ ನಮ್ಮ ಮೈಯನ್ನೂ ಓದಬೇಕು. ನನ್ನ ನೆಗೆಣ್ಣಿಯ ಮೈ ಮುಂಜಾನೆಯಿಂದ ಹೇಳುತ್ತಲೇ ಇತ್ತು. ಅವಳು ಬಾಯಿ ಬಿಡಲಿಲ್ಲ.

ಆಮೇಲೆ ದವಾಖಾನೆಯಲ್ಲಿ ಅವಳಿಗೆ ರಕ್ತ ಕಡಿಮೆ ಇದೆ ಅಂದರು. ಇದು ಅವಳೊಬ್ಬಳ ಕಥೆಯಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಇಲ್ಲಿ ಕುಳಿತವರನ್ನು ಎಣಿಸಿ. ಇಬ್ಬರಲ್ಲಿ ಒಬ್ಬರು! ಸ್ವಲ್ಪ ಹತ್ತಿದರೆ ಏದುಸಿರು ಬರುತ್ತದಾ? ಎದೆ ಡವಡವ ಅನ್ನುತ್ತದಾ? ಆಶಾ ಅಕ್ಕನ ಹತ್ತಿರ ಹೇಳಿ ರಕ್ತ ಪರೀಕ್ಷೆ ಮಾಡಿಸಿ.

ನಾಳೆ ಹೀಗೆ ಮಾಡೋಣ:

ಉಪವಾಸ ಬೇಡ. ಹೊರಡುವಾಗ ರೊಟ್ಟಿಯೋ ಅವಲಕ್ಕಿಯೋ ತಿಂದು ಹೊರಡಿ. ಬುತ್ತಿ ಕಟ್ಟಿಕೊಳ್ಳಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ.

ನೀರಿನ ಬಾಟಲಿ ಎಲ್ಲರ ಕೈಯಲ್ಲೂ ಇರಲಿ. ಬಾಯಾರುವ ತನಕ ಕಾಯಬೇಡಿ. ಗುಟುಕು ಗುಟುಕಾಗಿ ಕುಡಿಯುತ್ತಾ ಹೋಗಿ. ಹೊರಗೆ ಹೋಗಬೇಕೆನಿಸಿದರೆ ನಾಚಿಕೆ ಬೇಡ, ಹೇಳಿ. ಗಂಗಾವತಿ ಬಸ್ ನಿಲ್ದಾಣದಲ್ಲಿ ಎಲ್ಲರೂ ಒಂದು ಸಲ ಶೌಚಾಲಯಕ್ಕೆ ಹೋಗಿ ಬರೋಣ. ನೀರು ಬಿಟ್ಟು ಮಾನ ಕಾಯೋದು ಬೇಡ. ಮಾನ ಉಳಿಯಲು ಜೀವವೂ ಉಳಿಯಬೇಕು.

ಯಾರಾದರೂ ಸುಸ್ತಾದರೆ ಒಂದು ಲೀಟರ್ ಶುದ್ಧ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ ಕಲಸಿ. ಚಮಚ ಮಟ್ಟವಾಗಿರಲಿ, ಗೋಪುರ ಬೇಡ. ಸ್ವಲ್ಪ ಸ್ವಲ್ಪ ಕುಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ. ನೆರಳಿಗೆ ಮಲಗಿಸಿ, ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ. 108ಕ್ಕೆ ಫೋನ್ ಮಾಡಿ.

ಈಗ ಒಂದು ಲೆಕ್ಕ. 575 ಮೆಟ್ಟಿಲು. 50 ಮೆಟ್ಟಿಲಿಗೆ ಒಂದು ಸಲ ನಿಲ್ಲೋಣ. ಎಷ್ಟು ಸಲ ನಿಲ್ಲಬೇಕು? ಬರೆದು ನೋಡಿ. 11 ಸಲ. ಆಮೇಲೆ ಉಳಿಯೋದು ಎಷ್ಟು? 25 ಮೆಟ್ಟಿಲು. ಅಷ್ಟೇ!

ಹತ್ತುವಾಗ ಪಕ್ಕದವಳ ಜೊತೆ ಮಾತಾಡಲು ಆಗುತ್ತಿದೆಯಾ ನೋಡಿ. ಮಾತಾಡಲು ಉಸಿರು ಸಾಲದಿದ್ದರೆ ಜೋರಾಗಿ ಹತ್ತುತ್ತಿದ್ದೀರಿ ಅಂತ ಅರ್ಥ. ನಿಧಾನ ಮಾಡಿ. ಎದೆ ನೋವು, ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಿ. ಅರ್ಧಕ್ಕೆ ಇಳಿದರೆ ಸೋತಂತಲ್ಲ. ಗುಡ್ಡ ಎಲ್ಲಿಗೂ ಓಡಿ ಹೋಗಲ್ಲ.

ಇನ್ನೊಂದು ಮಾತು. ಯಾರನ್ನೂ ಒಬ್ಬರನ್ನೇ ಬಿಟ್ಟು ಹೋಗಬಾರದು. ಇಬ್ಬಿಬ್ಬರ ಜೋಡಿ. ಒಬ್ಬಳು ಇಳಿದರೆ ಜೋಡಿಯೂ ಇಳಿಯಬೇಕು.

ಮೂರನೆಯದು, ಕಲ್ಲು, ಹೊಳೆ ಓದಿ

ಅಲ್ಲಿ ಬಂಡೆ ಮೇಲೆ ಬಂಡೆ ಪೇರಿಸಿದ ಹಾಗೆ ಇದೆ. ವಾನರರು ಆಟಕ್ಕೆ ಎಸೆದಿದ್ದು ಅಂತ ಹಿರಿಯರು ಹೇಳ್ತಾರೆ. ಕಥೆ ಕಥೆಯಾಗಿ ಇರಲಿ. ಕಲ್ಲು ಹೇಳೋದನ್ನೂ ಕೇಳೋಣ. ಈ ಕಲ್ಲು ಸುಮಾರು 250 ಕೋಟಿ ವರ್ಷ ಹಳೆಯದು. ಭೂಮಿಯ ಆಳದಲ್ಲಿ ಕಾದು ಕರಗಿದ ಕಲ್ಲು ನಿಧಾನವಾಗಿ ಆರಿ ಗಟ್ಟಿಯಾಯಿತು. ಮೇಲಿನ ಪದರ ಸವೆದು ಹೋಗಿ ಅದು ಹೊರಗೆ ಬಂತು. ಬಿರುಕುಗಳಲ್ಲಿ ಮಳೆನೀರು ಇಳಿಯಿತು. ಮೂಲೆಗಳು ಸವೆದು ಕಲ್ಲು ದುಂಡಾಯಿತು. ಬಿಸಿಲು, ಮಳೆ, ಗಾಳಿಯ ಕೆಲಸ ಅದು.

ತುದಿಗೆ ಹೋದರೆ ಕೆಳಗೆ ಹೊಳೆ ಕಾಣುತ್ತದೆ. ಹಸಿರು ಭತ್ತದ ಗದ್ದೆ, ಬಾಳೆ ತೋಟ. ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ಈಗಲೂ ನೀರು ಹರಿಯುತ್ತದೆ. ಆಚೆ ದಡದಲ್ಲಿ ವಿರೂಪಾಕ್ಷನ ಗೋಪುರ. ನೋಡಿದರೆ ಕಣ್ಣು ತಂಪಾಗುತ್ತದೆ.

ಆನೆಗೊಂದಿ ದಡದಲ್ಲಿ ಹರಿಗೋಲು ನೋಡಿದ್ದೀರಾ? ಬುಟ್ಟಿಯ ಹಾಗೆ ದುಂಡಗೆ ಇರುತ್ತದೆ. ಸುಮಾರು 1520ರಲ್ಲಿ ಪೋರ್ಚುಗಲ್ ದೇಶದ ಪಾಯೆಸ್ ಅನ್ನುವ ಪ್ರವಾಸಿ ಇಲ್ಲಿಗೆ ಬಂದಿದ್ದ. ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಗಳಲ್ಲಿ ಜನರು ಹೊಳೆ ದಾಟುವುದನ್ನು ಆತ ಬರೆದಿಟ್ಟ. ಬರೆದಿಟ್ಟಿದ್ದಕ್ಕೇ 500 ವರ್ಷ ಆದರೂ ನಮಗೆ ಗೊತ್ತಾಯಿತು. ಅಕ್ಷರದ ಗುಣ ಇದು.

ಆದರೆ ಹೊಳೆಯ ಹತ್ತಿರ ಹುಷಾರು. ಮೇಲೆ ಹೊಸಪೇಟೆ ಹತ್ತಿರ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಇದೆ. ಗೇಟು ತೆರೆದರೆ ಇಲ್ಲಿ ನೀರು ಏರುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿ ಹೋಗಿದ್ದು ನಿಮಗೆ ನೆನಪಿರಬಹುದು. ಆಕಾಶದಲ್ಲಿ ಮೋಡ ಇಲ್ಲದಿದ್ದರೂ ಹೊಳೆ ತುಂಬಬಹುದು. ಹೊಳೆಯಲ್ಲಿ ಮೊಸಳೆಯೂ ಇದೆ. ಈ ಹೊಳೆಯ ಒಂದು ಭಾಗವನ್ನು 2015ರಲ್ಲಿ ನೀರುನಾಯಿಗಳ ರಕ್ಷಣೆಗೆ ಮೀಸಲಿಟ್ಟಿದ್ದಾರೆ. ದಡದಿಂದಲೇ ನೋಡಿ ಖುಷಿ ಪಡೋಣ. ಈಜು ಬೇಡ, ಬಟ್ಟೆ ಒಗೆಯೋದು ಬೇಡ. ಎಚ್ಚರಿಕೆ ಬೋರ್ಡು ಇದ್ದರೆ ನಿಂತು ಓದಿ, ಓದು ಬಾರದವರಿಗೂ ಓದಿ ಹೇಳಿ.

ಕತ್ತಲಾಗುವ ಮುಂಚೆ ಕೆಳಗಿರಬೇಕು. ಈ ಗುಡ್ಡಸಾಲಿನಲ್ಲಿ ಚಿರತೆ, ಕರಡಿ ಇವೆ. ಮೆಟ್ಟಿಲು ಬಿಟ್ಟು ಪೊದೆಯೊಳಗೆ ಹೋಗಬೇಡಿ. ಮಂಗಗಳು ಬಹಳ. ಬುತ್ತಿ, ಬಾಳೆಹಣ್ಣು ಕೈಯಲ್ಲಿ ತೋರಿಸಿಕೊಂಡು ಹೋಗಬೇಡಿ. ಕಸಿದರೆ ಎಳೆದಾಡಬೇಡಿ, ಬಿಟ್ಟುಬಿಡಿ. ಪ್ಲಾಸ್ಟಿಕ್ ಚೀಲ ಅಲ್ಲಿ ಎಸೆಯದೆ ಮನೆಗೆ ತನ್ನಿ.

ಕೊನೆಯ ಮಾತು

ನಾಳೆ ನನ್ನ ನೆಗೆಣ್ಣಿಯೂ ಬರ್ತಾಳೆ. ಅಗೋ, ಬಾಗಿಲ ಹತ್ತಿರ ಕುಳಿತು ನಗ್ತಿದ್ದಾಳೆ ನೋಡಿ. ಅವಳಿಗೆ ಈಗ ಅರವತ್ತು ದಾಟಿತು. ಮೊಮ್ಮಕ್ಕಳು ಬಂದಿವೆ. ಅವತ್ತು ಅರ್ಧಕ್ಕೆ ನಿಂತ ಮೆಟ್ಟಿಲಿನಿಂದ ಮೇಲೆ ಅವಳು ಇನ್ನೂ ಹೋಗಿಲ್ಲ. "ಈ ಸಲ ಹೋಗೂದು. ಆದ್ರ ಕಾಲು ಬ್ಯಾಡ ಅಂದ್ರ ಅಲ್ಲೇ ಕುಂದರತೀನಿ, ಬಾಯಿ ಬಿಟ್ಟು ಹೇಳ್ತೀನಿ" ಅಂದಿದ್ದಾಳೆ. ತುದಿ ಮುಟ್ಟಿದರೆ ಸಂತೋಷ. ಮುಟ್ಟದಿದ್ದರೂ, ಬಾಯಿ ಬಿಟ್ಟು ಹೇಳ್ತೀನಿ ಅಂದಳಲ್ಲ, ನನಗೆ ಅದೇ ದೊಡ್ಡದು. ಅವಳ ಜೋಡಿ ನಾನೇ.

ಈಗ ಎಲ್ಲರೂ ಒಂದೊಂದು ಚೀಟಿ ತಗೊಳ್ಳಿ. ನಿಮ್ಮ ಹೆಸರು ಬರೆಯಿರಿ. ಊರ ಹೆಸರು ಬರೆಯಿರಿ. ಮನೆಯ ಫೋನ್ ನಂಬರ್ ಬರೆಯಿರಿ. ಕೆಳಗೆ 108 ಅಂತ ಬರೆಯಿರಿ, ಅದು ಆಂಬುಲೆನ್ಸ್. 112 ಅಂತ ಬರೆಯಿರಿ, ಅದು ಪೊಲೀಸ್. ಯಾರದನ್ನೂ ಯಾರೂ ಬರೆದುಕೊಡಬೇಡಿ. ಅಕ್ಷರ ಸೊಟ್ಟಗಾದರೂ ಪರವಾಗಿಲ್ಲ.

ಸಂಜೆ ಗಂಗಾವತಿಯಲ್ಲಿ ನಮ್ಮ ಬಸ್ಸನ್ನು ನನ್ನ ನೆಗೆಣ್ಣಿ ಓದಿ ಹೇಳ್ತಾಳೆ. ಕೊಂಬು ಇದ್ದರೆ ಹತ್ತೋಣ. ಸೊನ್ನೆ ಇದ್ದರೆ ಬಿಡೋಣ.

ಮೊದಲ ಬಸ್ಸಿಗೆ ಎಲ್ಲರೂ ಬನ್ನಿ.