ಹಿಮ ಬಿದ್ದ ಮೇಲೆ ಸ್ಪಿತಿ



ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ನಮ್ಮ ಕಡೆಯವರು ಹೋಗುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಎಲ್ಲ ದಾರಿಗಳೂ ತೆರೆದಿರುತ್ತವೆ, ಹೋಟೆಲುಗಳೂ ತೆರೆದಿರುತ್ತವೆ. ಆದರೆ ಆ ಒಣ ಬೆಟ್ಟಗಾಡಿನ ಬದುಕು ಹೇಗೆ ನಡೆಯುತ್ತದೆ ಎಂದು ತಿಳಿಯುವ ಆಸೆಯಿದ್ದರೆ ಹೋಗಬೇಕಾದದ್ದು ಜನವರಿ, ಫೆಬ್ರವರಿಯಲ್ಲಿ.

ಮುಂಗಾರಿನ ಮೋಡಗಳು ದಕ್ಷಿಣದ ಎತ್ತರದ ಪರ್ವತಸಾಲುಗಳಿಗೆ ತಡೆದು, ಅಲ್ಲೇ ಸುರಿದು ಮುಗಿಯುತ್ತವೆ. ಮಳೆನೆರಳಿನ ಸ್ಪಿತಿಗೆ ದಕ್ಕುವುದು ಅಲ್ಪಸ್ವಲ್ಪ. ವರ್ಷದ ನೀರಿನ ಬಹುಪಾಲು ಚಳಿಗಾಲದಲ್ಲಿ, ಪಶ್ಚಿಮದಿಂದ ಬರುವ ಗಾಳಿಯ ಜೊತೆ ಹಿಮವಾಗಿ ಬೀಳುತ್ತದೆ. ಬೇಸಿಗೆಗೆ ಅದು ಕರಗಿ, ಸಣ್ಣ ಸಣ್ಣ ಕಾಲುವೆಗಳಲ್ಲಿ ಇಳಿದು ಬಾರ್ಲಿ ಮತ್ತು ಬಟಾಣಿ ಹೊಲಗಳನ್ನು ಮುಟ್ಟುತ್ತದೆ. ಹಿಮ ಕಡಿಮೆಯಾದ ವರ್ಷ ಅಲ್ಲಿಯವರ ಚಿಂತೆ, ಮುಂಗಾರು ಕೈಕೊಟ್ಟಾಗ ನಮ್ಮ ಬಯಲುಸೀಮೆಯ ರೈತ ಪಡುವ ಚಿಂತೆಯೇ.

ಹಿಮ ಪ್ರಾಣಿಗಳನ್ನೂ ಕೆಳಗಿಳಿಸುತ್ತದೆ. ಮೇಲಿನ ಹುಲ್ಲೆಲ್ಲ ಮುಚ್ಚಿಹೋದಾಗ ಭರಲ್ ಎಂಬ ನೀಲಿಬೂದು ಕಾಡುಕುರಿಗಳು, ಐಬೆಕ್ಸ್ ಎಂಬ ಕಾಡುಮೇಕೆಗಳು ಊರುಗಳ ಹತ್ತಿರದ ಇಳಿಜಾರಿಗೆ ಬರುತ್ತವೆ. ಅವುಗಳ ಬೆನ್ನಿಗೇ ಹಿಮಚಿರತೆ. ಸುಮಾರು 4,200 ಮೀಟರ್ ಎತ್ತರದಲ್ಲಿರುವ ಕಿಬ್ಬರ್ ಊರಿನ ಪಕ್ಕದ ಕಮರಿಯ ಅಂಚಿನಲ್ಲಿ ದುರ್ಬೀನು ಹಿಡಿದು ನಿಂತವರಿಗೆ ಚಿರತೆ ಸುಲಭಕ್ಕೆ ಕಾಣದು. ಬೂದು ಬಂಡೆಯ ಮೇಲೆ ಮಲಗಿದರೆ ಅದೂ ಬಂಡೆಯೇ. ಊರಿನ ಜಾಡುಗಾರರು ನೋಡುವುದು ಕುರಿಗಳನ್ನು. ಮೇಯುತ್ತಿದ್ದ ಹಿಂಡು ಒಮ್ಮೆಲೇ ತಲೆಯೆತ್ತಿ, ಎಲ್ಲವೂ ಒಂದೇ ದಿಕ್ಕಿಗೆ ನೆಟ್ಟ ನೋಟದಲ್ಲಿ ನಿಂತರೆ, ಹುಡುಕಬೇಕಾದ್ದು ಆ ದಿಕ್ಕಿನಲ್ಲಿ. ಮೈಯಷ್ಟೇ ಉದ್ದ ಎನಿಸುವ ದಪ್ಪ ಬಾಲ ಅಲುಗಿದಾಗಲೇ ಅದು ಕಲ್ಲಲ್ಲ ಎಂದು ಗೊತ್ತಾಗುವುದು. 2024ರಲ್ಲಿ ಪ್ರಕಟವಾದ ಗಣತಿಯ ಅಂದಾಜಿನಂತೆ ಇಡೀ ಭಾರತದಲ್ಲಿ ಇರುವ ಹಿಮಚಿರತೆಗಳು 718.

ಇದೇ ಚಿರತೆ ಊರಿನವರ ಯಾಕ್ ಕರುವನ್ನೂ, ಕುದುರೆಮರಿಯನ್ನೂ ಹಿಡಿಯುತ್ತದೆ. ಆ ನಷ್ಟ ಸಣ್ಣದಲ್ಲ. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇಪ್ಪತ್ತು ವರ್ಷಕ್ಕೂ ಹಿಂದೆಯೇ ಕಿಬ್ಬರ್ ಜನರ ಜೊತೆ ಕೂತು ಇದಕ್ಕೊಂದು ದಾರಿ ಹುಡುಕಿತು. ಒಂದಷ್ಟು ಗೋಮಾಳದಲ್ಲಿ ಸಾಕುಪ್ರಾಣಿ ಮೇಯಿಸದೆ ಭರಲ್‌ಗಳಿಗೆ ಬಿಡಲು ಊರು ಒಪ್ಪಿತು; ಊರಿನವರೇ ಕಂತು ಕಟ್ಟಿ ನಡೆಸುವ ಜಾನುವಾರು ವಿಮೆಯೂ ಶುರುವಾಯಿತು. ಚಿರತೆ ಉಳಿದಿರುವುದರಲ್ಲಿ ಈ ಜನರ ಪಾಲು ದೊಡ್ಡದು. ಆದ್ದರಿಂದ ಹೋದವರು ಊರಿನ ಮನೆಯಲ್ಲೇ ಉಳಿಯಿರಿ, ಊರಿನ ಜಾಡುಗಾರರನ್ನೇ ಕರೆದುಕೊಂಡು ಹೋಗಿ ಎಂದು ಒತ್ತಿ ಹೇಳುತ್ತೇನೆ.

ಆ ಮನೆಗಳ ಚಳಿಗಾಲವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದಾಗ ಕೊಳಾಯಿಯಲ್ಲಿ ನೀರು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟದ ಸೆಲೆಯಿಂದ ಕೊಡದಲ್ಲಿ ಹೊತ್ತು ತಂದದ್ದೇ ಕುಡಿಯಲು, ಅಡುಗೆಗೆ. ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ, ತಂದೂರ್ ಎಂದು ಕರೆಯುವ ತಗಡಿನ ಒಲೆಯ ಸುತ್ತ ಇರುತ್ತಾರೆ. ಒಲೆಗೆ ಬೇಸಿಗೆಯಲ್ಲೇ ಕೂಡಿಟ್ಟ ಬೆರಣಿ ಮತ್ತು ಸೌದೆ. ಶೌಚಾಲಯದಲ್ಲಿ ನೀರಿಲ್ಲ, ಮಣ್ಣು, ಬೂದಿ ಎಳೆದು ಮುಚ್ಚಬೇಕು, ಅದೇ ಮುಂದೆ ಹೊಲಕ್ಕೆ ಗೊಬ್ಬರ. ಇಂಥಲ್ಲಿ ದಿನವೂ ಸ್ನಾನಕ್ಕೆ ಬಿಸಿನೀರು ಕೇಳುವುದೆಂದರೆ ಒಬ್ಬ ಹೆಣ್ಣುಮಗಳನ್ನು ಮಂಜುಗಡ್ಡೆಯ ದಾರಿಯಲ್ಲಿ ಇನ್ನೊಂದು ಸಲ ನೀರಿಗೆ ಕಳಿಸಿದಂತೆ. ಕೇಳಬೇಡಿ.

ಇನ್ನು ದೇಹದ ಮಾತು. ಕಿಬ್ಬರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಶೇಕಡ 60ರಷ್ಟು ಮಾತ್ರ, ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಮನಾಲಿ ಕಡೆಯ ಕುಂಜುಮ್ ಕಣಿವೆದಾರಿ ಹಿಮದಿಂದ ಮುಚ್ಚಿರುವ ಕಾರಣ ಚಳಿಗಾಲದಲ್ಲಿ ಹೋಗಬೇಕಾದದ್ದು ಶಿಮ್ಲಾ, ಕಿನ್ನೌರ್ ಮೂಲಕ. ಸುತ್ತು ಎನಿಸಿದರೂ ದೇಹಕ್ಕೆ ಇದೇ ಒಳ್ಳೆಯದು, ಏಕೆಂದರೆ ಹಂತಹಂತವಾಗಿ ಏರಬಹುದು: ಕಲ್ಪಾದಲ್ಲಿ ಒಂದು ರಾತ್ರಿ, 996ರಲ್ಲಿ ಕಟ್ಟಿದ ಬೌದ್ಧವಿಹಾರವಿರುವ ತಾಬೋದಲ್ಲಿ ಇನ್ನೊಂದು, ಆಮೇಲೆ ಕಾಜಾ. ಏರಿದ ಮೇಲೆ ತಲೆನೋವು, ವಾಕರಿಕೆ ಶುರುವಾದರೆ ಇನ್ನೂ ಮೇಲೆ ಹೋಗಬಾರದು. ಹೆಚ್ಚಾದರೆ, ನಡಿಗೆ ತಡವರಿಸಿದರೆ, ರಾತ್ರಿಯೇ ಆಗಿರಲಿ, ಕೆಳಗಿಳಿಯಲೇಬೇಕು. ಕಪ್ಪು ಕನ್ನಡಕ ಮರೆಯಬೇಡಿ, ಹಿಮದಿಂದ ಚಿಮ್ಮುವ ಬಿಸಿಲು ಕಣ್ಣನ್ನು ಸುಡುತ್ತದೆ. ಕ್ಯಾಮೆರಾ ಬ್ಯಾಟರಿ ಅಂಗಿಯೊಳಗಿನ ಜೇಬಿನಲ್ಲಿರಲಿ, ಚಳಿಗೆ ಬೇಗ ಸೋಲುತ್ತದೆ.

ಹೊರಡುವ ದಿನ ಮಾತ್ರ ನಮ್ಮ ಕೈಯಲ್ಲಿಲ್ಲ. ಒಂದು ರಾತ್ರಿ ಹಿಮ ಸುರಿದರೆ ಕಿನ್ನೌರ್ ದಾರಿಯೂ ಮುಚ್ಚುತ್ತದೆ, ಅದು ತೆರೆಯುವವರೆಗೆ ಮನೆಯವರ ಜೊತೆ ಒಲೆ ಮುಂದೆ ಕೂರುವುದೇ. ಹಿಂತಿರುಗುವ ಟಿಕೆಟ್ಟನ್ನು ಮೂರು ನಾಲ್ಕು ದಿನ ಸಡಿಲ ಇಟ್ಟೇ ಕಾದಿರಿಸಿ.