ಎರಡು ಕ್ರೀಡಾಂಗಣಗಳ ನಡುವೆ ಒಂದು ನಗರ

ಊರಿಗೆ ಹೊಸ ಕ್ರೀಡಾಂಗಣವೊಂದು ಬೇಕೆ, ಬೇಡವೆ ಎಂಬ ಪ್ರಶ್ನೆ ಎದ್ದಾಗ ಮೊದಲು ಮಾತನಾಡುವವರು ಎಂಜಿನಿಯರರು, ಅವರ ಬೆನ್ನಿಗೆ ಲೆಕ್ಕಪತ್ರದವರು, ಆಮೇಲೆ ರಾಜಕಾರಣಿಗಳು. ಆಟ ನೋಡುವುದಕ್ಕೆಂದು ಬಿಸಿಲಿನಲ್ಲಿ ಸಾಲು ನಿಲ್ಲುವವನ ಮಾತು ಕೇಳಿಬರುವುದು ಕಟ್ಟಕಡೆಗೆ. ಆದರೆ ಕೆಲವೊಮ್ಮೆ ಆ ಕಡೆಯ ಮಾತಿನಲ್ಲಿಯೇ ವಿಷಯದ ತಿರುಳು ಅಡಗಿರುತ್ತದೆ. ಈ ಹೊತ್ತು ನಾನು ಪ್ರಸ್ತಾಪಿಸಬೇಕೆಂದಿರುವುದು ಅಂಥ ಒಂದು ವಾಗ್ವಾದವನ್ನು. ಅದು ನಡೆದದ್ದು ಅಮೆರಿಕದ ದಕ್ಷಿಣ ಭಾಗದ ಅಲಬಾಮ ರಾಜ್ಯದಲ್ಲಿ, ಬರ್ಮಿಂಗ್‌ಹ್ಯಾಮ್ ನಗರದಲ್ಲಿ, 2018ರ ಆಚೀಚಿನ ವರ್ಷಗಳಲ್ಲಿ. ವಾದಿಸಿದವರು ಕಾಲೇಜು ಫುಟ್‌ಬಾಲಿನ ಅಭಿಮಾನಿಗಳು. ವಾದದ ವಸ್ತು, ನಗರ ಕಟ್ಟಿಸಲು ಹೊರಟಿದ್ದ ಹೊಸ ಕ್ರೀಡಾಂಗಣ.

ಮೊದಲಿಗೆ ಆಟದ ವಿಚಾರ ಎರಡು ಮಾತು. ಅಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಮೈದಾನಗಳಲ್ಲಿ ಹುಡುಗರು ಆಡುವ ಕಾಲ್ಚೆಂಡಾಟವಲ್ಲ. ಎರಡು ತುದಿಯೂ ಚೂಪಾದ ಚೆಂಡನ್ನು ಎದೆಗೆ ಅವುಚಿಕೊಂಡು, ಎದುರಾಳಿಗಳ ಗೋಡೆಯನ್ನು ಸೀಳಿಕೊಂಡು, ಗಜ ಗಜವಾಗಿ ನೆಲವನ್ನು ಗೆಲ್ಲುತ್ತ ಹೋಗುವ ಆಟ ಅದು. ಅಮೆರಿಕದ ದೊಡ್ಡ ನಗರಗಳಿಗೆ ವೃತ್ತಿಪರ ತಂಡಗಳಿವೆ. ಅಲಬಾಮಕ್ಕೆ ರಾಷ್ಟ್ರೀಯ ಲೀಗಿನ ಅಂಥ ತಂಡ ಎಂದೂ ದೊರೆಯಲಿಲ್ಲ. ಆದಕಾರಣ ಅಲ್ಲಿ ವಿಶ್ವವಿದ್ಯಾಲಯದ ತಂಡವೇ ಜನರ ತಂಡ. ಆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವನೂ ಅದರ ಬಣ್ಣದ ಅಂಗಿ ತೊಡುತ್ತಾನೆ. ತಂದೆಯಿಂದ ಮಕ್ಕಳಿಗೆ ಮನೆ ಜಮೀನು ಬರುವಂತೆ ತಂಡವೂ ಬರುತ್ತದೆ. ಶರತ್ಕಾಲದ ಶನಿವಾರಗಳು ಅಲ್ಲಿ ವಾರವಾರದ ಜಾತ್ರೆ.

ಬರ್ಮಿಂಗ್‌ಹ್ಯಾಮ್ ಹಳೆಯ ನಗರವೇನೂ ಅಲ್ಲ. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಒಂದೇ ಕಡೆ ಸಿಕ್ಕುವ ನೆಲವೆಂದು 1871ರಲ್ಲಿ ಹುಟ್ಟಿದ ಊರು. ಕುಲುಮೆಗಳ ಬಲದಿಂದ ಅದು ಬೆಳೆದ ವೇಗವನ್ನು ಕಂಡು ಜನ ಅದನ್ನು ‘ಮಾಂತ್ರಿಕ ನಗರ’ ಎಂದು ಕರೆದರು. ಆ ನಗರ ತನ್ನ ಪಶ್ಚಿಮ ಭಾಗದಲ್ಲಿ 1927ರಲ್ಲಿ ಲೀಜನ್ ಫೀಲ್ಡ್ ಎಂಬ ಕ್ರೀಡಾಂಗಣವನ್ನು ತೆರೆಯಿತು. ಹೆಸರು ಬಂದದ್ದು ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್ನಿನಿಂದ. ಮೊದಲ ಪಂದ್ಯ ಊರಿನವೇ ಆದ ಎರಡು ಕಾಲೇಜುಗಳ ನಡುವೆ ನಡೆಯಿತು: ಹೋವರ್ಡ್ ಕಾಲೇಜು ಮತ್ತು ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು. ಆಗ ಇದ್ದ ಆಸನಗಳು 21,000. ಅಂಕಣದ ಮೇಲೆ ಅಂಕಣ ಏರಿ, 1991ರ ಹೊತ್ತಿಗೆ ಅವು 83,000 ದಾಟಿದವು.

ಆ ಬೆಳವಣಿಗೆಗೆ ಕಾರಣವಾದದ್ದು ಮುಖ್ಯವಾಗಿ ಒಂದು ಪಂದ್ಯ. ಟಸ್ಕಲೂಸಾ ಊರಿನ ಅಲಬಾಮ ವಿಶ್ವವಿದ್ಯಾಲಯಕ್ಕೂ ಆಬರ್ನ್ ಊರಿನ ವಿಶ್ವವಿದ್ಯಾಲಯಕ್ಕೂ ಇರುವ ಹಗೆ ದಾಯಾದಿಗಳ ಹಗೆಯಂಥದು. ಆ ಎರಡು ತಂಡಗಳು 1948ರಿಂದ 1988ರವರೆಗೆ ವರ್ಷ ವರ್ಷವೂ ಎದುರುಬದುರಾದದ್ದು ಲೀಜನ್ ಫೀಲ್ಡಿನಲ್ಲಿ. ಟಿಕೆಟುಗಳನ್ನು ಬಹುಕಾಲ ಎರಡು ಕಡೆಗೂ ಸಮವಾಗಿ ಹಂಚುತ್ತಿದ್ದರು. ಅರ್ಧ ಗ್ಯಾಲರಿ ಒಂದು ಬಣ್ಣ, ಅರ್ಧ ಗ್ಯಾಲರಿ ಇನ್ನೊಂದು. ಕುಲುಮೆಗಳ ಊರಾದ್ದರಿಂದ ಆ ಪಂದ್ಯಕ್ಕೆ ‘ಐರನ್ ಬೌಲ್’ ಎಂಬ ಹೆಸರೇ ನಿಂತಿತು. ಬೇರ್ ಬ್ರಯಂಟ್ ಎಂಬ ಪ್ರಸಿದ್ಧ ತರಬೇತುದಾರ 1981ರಲ್ಲಿ ತನ್ನ 315ನೆಯ ಗೆಲುವನ್ನು ಪಡೆದು ಹಿಂದಿನವರ ದಾಖಲೆಯನ್ನು ಮುರಿದದ್ದು ಅಲ್ಲಿಯೇ.

ಆದರೆ ಈ ವೈಭವದ ಕಥೆಯನ್ನು ಹೇಳುವವರೆಲ್ಲ ಇನ್ನೊಂದು ಕಥೆಯನ್ನೂ ಹೇಳಬೇಕಾಗುತ್ತದೆ. ಕರಿಯರೂ ಬಿಳಿಯರೂ ಕೂಡಿ ಆಡಬಾರದೆಂದು ಆ ನಗರದಲ್ಲಿ ಕಾಯಿದೆಯೇ ಇತ್ತು. ನಿಷೇಧ ಫುಟ್‌ಬಾಲಿಗೆ ಮಾತ್ರವಲ್ಲ, ಇಸ್ಪೀಟಿಗೂ ಪಗಡೆದಾಳಕ್ಕೂ ಇತ್ತು. ಆಡಳಿತ ಅದನ್ನು ಒಂದಿಷ್ಟು ಸಡಿಲಿಸಿದಾಗ, 1954ರಲ್ಲಿ ಮತದಾರರು ಮತ ಹಾಕಿ ನಿಷೇಧವನ್ನು ಮರಳಿ ತಂದರು. ಸಾರ್ವಜನಿಕ ಉದ್ಯಾನಗಳನ್ನು ಎಲ್ಲರಿಗೂ ತೆರೆಯಬೇಕೆಂದು ನ್ಯಾಯಾಲಯ ಹೇಳಿದಾಗ, ನಗರ 1962ರಲ್ಲಿ ಉದ್ಯಾನಗಳನ್ನೇ ಮುಚ್ಚಿತು. ಮರುವರ್ಷ, 1963ರಲ್ಲಿ, ಮಾರ್ಟಿನ್ ಲೂಥರ್ ಕಿಂಗರ ಚಳವಳಿ, ಮಕ್ಕಳ ಮೇಲೆ ಬಿಟ್ಟ ನೀರಿನ ಕೊಳವೆಗಳು ಮತ್ತು ನಾಯಿಗಳು, ಚರ್ಚಿನಲ್ಲಿ ಸಿಡಿದ ಬಾಂಬು, ಸತ್ತ ನಾಲ್ವರು ಬಾಲಕಿಯರು. ಇದೆಲ್ಲವೂ ಆದದ್ದು ಅದೇ ಊರಿನಲ್ಲಿ. ಅದೇ ಲೀಜನ್ ಫೀಲ್ಡಿಗೆ 1970ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ತಂಡ ಬಂತು. ಸ್ಯಾಮ್ ಕನಿಂಗ್‌ಹ್ಯಾಮ್ ಎಂಬ ಕರಿಯ ತರುಣ ಚೆಂಡು ಹಿಡಿದು 135 ಗಜ ಓಡಿದ. ಬರಿಯ ಬಿಳಿಯರೇ ಆಡುತ್ತಿದ್ದ ಅಲಬಾಮ ತಂಡ 42-21ರಿಂದ ಸೋತಿತು. ಕರಿಯ ಆಟಗಾರರನ್ನು ಸೇರಿಸಿಕೊಳ್ಳುವ ಕೆಲಸ ಅದಕ್ಕೆ ಮುಂಚೆಯೇ ಮೊದಲಾಗಿತ್ತು. ಆದರೂ ನ್ಯಾಯದ ಮಾತಿಗೆ ಕಿವಿಗೊಡದ ಅನೇಕರಿಗೆ ಆ ಸಂಜೆಯ ಸೋಲು ಕೇಳಿಸಿತು.

ಕುಲುಮೆಗಳು ಒಂದೊಂದಾಗಿ ಆರಿದವು. ಬಿಳಿಯರಲ್ಲಿ ಬಹುಮಂದಿ ಬೆಟ್ಟದ ಸಾಲಿನಾಚೆಯ ಹೊಸ ಬಡಾವಣೆಗಳಿಗೆ ಹೋದರು. 1960ರಲ್ಲಿ 3,40,000 ಇದ್ದ ಜನಸಂಖ್ಯೆ 2020ರ ಹೊತ್ತಿಗೆ 2,00,000ಕ್ಕೆ ಇಳಿಯಿತು. ಉಳಿದವರಲ್ಲಿ ಹೆಚ್ಚಿನವರು ಕರಿಯರು. ಆಟವೂ ಜನರ ಹಿಂದೆಯೇ ಹೊರಟಿತು. ಆಬರ್ನ್ ತಂಡ 1989ರಲ್ಲಿ ತನ್ನ ಸರದಿಯ ಪಂದ್ಯವನ್ನು ತನ್ನ ಊರಿಗೇ ಒಯ್ದಿತು. ಐರನ್ ಬೌಲ್ 1998ರ ಅನಂತರ ಲೀಜನ್ ಫೀಲ್ಡಿಗೆ ಬರಲಿಲ್ಲ. ಅಲಬಾಮ ತಂಡ 2003ರಲ್ಲಿ ಅಲ್ಲಿ ಕೊನೆಯದಾಗಿ ಆಡಿತು. ಮರುವರ್ಷ ಮೇಲಂತಸ್ತಿನ ಉಕ್ಕಿನಲ್ಲಿ ದೋಷ ಕಂಡುಬಂದು ಅದನ್ನು ಕಳಚಿಹಾಕಿದರು. ಹೀಗೆ ದೊಡ್ಡವರು ಬಿಟ್ಟುಹೋದ ಮನೆಯಲ್ಲಿ ಉಳಿದದ್ದು ಮುಖ್ಯವಾಗಿ ಇಬ್ಬರು. ಒಂದು, ಕರಿಯರಿಗಾಗಿಯೇ ಹುಟ್ಟಿದ ಎರಡು ವಿಶ್ವವಿದ್ಯಾಲಯಗಳ ನಡುವೆ ಅಕ್ಟೋಬರ್ ಕೊನೆಯಲ್ಲಿ ನಡೆಯುವ ‘ಮ್ಯಾಜಿಕ್ ಸಿಟಿ ಕ್ಲಾಸಿಕ್’ ಪಂದ್ಯ. ಇನ್ನೊಂದು, ಊರಿನದೇ ಆದ ಯು.ಎ.ಬಿ., ಎಂದರೆ ಬರ್ಮಿಂಗ್‌ಹ್ಯಾಮಿನ ಅಲಬಾಮ ವಿಶ್ವವಿದ್ಯಾಲಯದ ತಂಡ. ನಮ್ಮ ವಾದ ಮೊದಲಾಗುವುದು ಈ ಯು.ಎ.ಬಿ. ಅಭಿಮಾನಿಗಳ ನಡುವೆ.

ಇವರ ಪಾಡನ್ನು ಅರಿತರೆ ಇವರ ಆವೇಶ ಅರ್ಥವಾಗುತ್ತದೆ. ಅವರ ವಿಶ್ವವಿದ್ಯಾಲಯ ಸ್ವತಂತ್ರವಾದದ್ದು 1969ರಲ್ಲಿ, ಫುಟ್‌ಬಾಲ್ ತಂಡ ಹುಟ್ಟಿದ್ದು 1991ರಲ್ಲಿ. ಅದರ ಆಡಳಿತ ಮಂಡಳಿಯೂ ಟಸ್ಕಲೂಸಾದ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯೂ ಒಂದೇ. ಹಿರಿಯಣ್ಣನ ಹಿತಕ್ಕಾಗಿ ಕಿರಿಯನನ್ನು ಅದುಮಲಾಗುತ್ತಿದೆ ಎಂಬುದು ಅಭಿಮಾನಿಗಳ ಬಹುಕಾಲದ ಅನುಮಾನ. ತಮ್ಮ ಆವರಣದಲ್ಲಿಯೇ 30,000 ಆಸನಗಳ ಸ್ವಂತ ಕ್ರೀಡಾಂಗಣ ಕಟ್ಟುವ ಯೋಜನೆ 2011ರಲ್ಲಿ ಆ ಮಂಡಳಿಯ ಮುಂದೆಯೇ ಬಿದ್ದುಹೋಯಿತು. ಅದಕ್ಕಿಂತ ದೊಡ್ಡ ಪೆಟ್ಟು 2014ರ ಡಿಸೆಂಬರಿನಲ್ಲಿ ಬಿತ್ತು: ಖರ್ಚು ತಾಳಲಾರೆವೆಂದು ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ನಿಲ್ಲಿಸಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಹಳೆಯ ವಿದ್ಯಾರ್ಥಿಗಳೂ ಊರಿನ ವ್ಯಾಪಾರಸ್ಥರೂ ಹಣ ಕೂಡಿಸಿದರು. ಆರು ತಿಂಗಳಲ್ಲಿ ನಿರ್ಧಾರ ಹಿಂದಕ್ಕೆ ಹೋಯಿತು. ಎರಡು ವರ್ಷ ಮೈದಾನವಿಲ್ಲದೆ ಅಭ್ಯಾಸ ಮಾತ್ರ ಮಾಡಿದ ತಂಡ 2017ರಲ್ಲಿ ಮತ್ತೆ ಪಂದ್ಯಕ್ಕಿಳಿದಾಗ ಲೀಜನ್ ಫೀಲ್ಡಿನಲ್ಲಿ 45,000ಕ್ಕೂ ಮಿಕ್ಕಿ ಜನ ಸೇರಿದ್ದರು. ಆ ಋತುವಿನಲ್ಲಿ ಎಂಟು ಪಂದ್ಯ ಗೆದ್ದು, ಮರುವರ್ಷ ತಮ್ಮ ಲೀಗಿನ ಪ್ರಶಸ್ತಿಯನ್ನೂ ಪಡೆದರು.

ಈ ಉತ್ಸಾಹದ ನಡುವೆಯೇ ನಗರದ ಮುಂದೆ ಪ್ರಸ್ತಾವ ಬಂತು. ಊರ ನಡುವಿನ ಸಭಾಭವನಗಳ ಬಳಿ, ಎತ್ತರದ ಹೆದ್ದಾರಿಯ ಪಕ್ಕದಲ್ಲಿ, 45,000ದಷ್ಟು ಆಸನಗಳ ಹೊಸ ಕ್ರೀಡಾಂಗಣ. ಅಂದಾಜು ವೆಚ್ಚ 17 ಕೋಟಿ ಡಾಲರುಗಳಿಗೂ ಮಿಗಿಲು. ಅದರಲ್ಲಿ ನಗರದ ಪಾಲು ವರ್ಷಕ್ಕೆ 30 ಲಕ್ಷ ಡಾಲರಿನಂತೆ 30 ವರ್ಷ, ಒಟ್ಟು 9 ಕೋಟಿ. ಇನ್ನೊಂದು ಪಾಲು ಜಿಲ್ಲೆಯದು.

ಅಭಿಮಾನಿಗಳಲ್ಲಿ ಒಂದು ಗುಂಪು ಹೇಳಿತು: ಎಪ್ಪತ್ತು ಸಾವಿರ ಆಸನಗಳ ಹಳೆಯ ಅಂಗಣದಲ್ಲಿ ನಾವು ಇಪ್ಪತ್ತೈದು ಸಾವಿರ ಮಂದಿ ಕೂತರೆ ಅದು ಖಾಲಿ ಮಂಟಪದಲ್ಲಿ ಮದುವೆ ಮಾಡಿದಂತೆ. ಆಟಗಾರನಾಗಬಯಸುವ ಹುಡುಗನನ್ನು ಕರೆತಂದು ತುಕ್ಕು ಹಿಡಿದ ಕಂಬ ತೋರಿಸುವುದು ಹೇಗೆ? ಒಮ್ಮೆ ಮುಚ್ಚಿಸಿಕೊಂಡವರು ನಾವು. ಕಾಂಕ್ರೀಟಿನಲ್ಲಿ ನೆಲೆ ಊರಿದರೆ ಇನ್ನೊಮ್ಮೆ ಮುಚ್ಚುವುದು ಸುಲಭವಲ್ಲ.

ಎರಡನೆಯ ಗುಂಪಿನವರೂ ಅದೇ ಹಸಿರು ಅಂಗಿಯವರು. ಅವರ ಆಕ್ಷೇಪ ಬೇರೆ: ನಮಗೆ ಬೇಕಾದದ್ದು ನಮ್ಮ ಆವರಣದೊಳಗಿನ ಸಣ್ಣ ಅಂಗಣ. ವಿದ್ಯಾರ್ಥಿ ಕೋಣೆಯಿಂದ ನಡೆದು ಬರುವಂತಿರಬೇಕು. ಪ್ರಾಧಿಕಾರದ ಕಟ್ಟಡದಲ್ಲಿ ನಾವು ಹಳೆಯ ಬಾಡಿಗೆಗಾರರೇ, ಗೋಡೆಯ ಬಣ್ಣ ಮಾತ್ರ ಹೊಸದು.

ಮೂರನೆಯ ಮಾತು ಪಶ್ಚಿಮ ಭಾಗದಿಂದ ಬಂತು. ಅವರಲ್ಲಿಯೂ ಅಭಿಮಾನಿಗಳಿದ್ದರು, ಆದರೆ ಅವರ ಮನೆಗಳೇ ಲೀಜನ್ ಫೀಲ್ಡಿನ ಸುತ್ತ ಇದ್ದವು. ಪಂದ್ಯದ ದಿನ ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡು ನಾಲ್ಕು ಕಾಸು ಸಂಪಾದಿಸುವವರು, ಬೀದಿಯ ತುದಿಯಲ್ಲಿ ಮಾಂಸ ಸುಟ್ಟು ಮಾರುವವರು. ಇಲ್ಲಿಯ ರಸ್ತೆಗೆ, ಪಾಳುಬಿದ್ದ ಮನೆಗಳಿಗೆ ಇಲ್ಲದ ಹಣ ಅಲ್ಲಿಗೆ ಎಲ್ಲಿಂದ ಬಂತು ಎಂದು ಅವರು ಕೇಳಿದರು. ಮುಚ್ಚುಗೆಯ ಭಾರಿ ಕ್ರೀಡಾಂಗಣವೊಂದನ್ನು ಒಳಗೊಂಡಿದ್ದ ಯೋಜನೆಯನ್ನು ಇದೇ ಪ್ರದೇಶದ ಮತದಾರರು 1998ರಲ್ಲಿ ತಿರಸ್ಕರಿಸಿದ್ದರು. ಈ ಸಲ ತೀರ್ಮಾನ ನಗರ ಪರಿಷತ್ತಿನದಾಗಿತ್ತು. 2018ರಲ್ಲಿ ಅದು ಒಪ್ಪಿಗೆ ಕೊಟ್ಟಿತು.

ಈ ಮೂರು ಮಾತುಗಳಲ್ಲಿ ಯಾವುದು ಸರಿ? ನನಗೆ ತೋರುವಂತೆ ಮೂರೂ ಸರಿಯೇ. ಅವು ಒಂದಕ್ಕೊಂದು ಉತ್ತರವಾಗಿರಲಿಲ್ಲ, ಅಷ್ಟೆ. ಮೊದಲನೆಯವನು ತನ್ನ ತಂಡದ ಪ್ರಾಣದ ಮಾತನಾಡುತ್ತಿದ್ದ. ಎರಡನೆಯವನು ಒಡೆತನದ ಮಾತನಾಡುತ್ತಿದ್ದ. ಮೂರನೆಯವನು, ಎಲ್ಲರೂ ಎದ್ದುಹೋದ ಮೇಲೆ ಉಳಿಯುವವನ ಮಾತನಾಡುತ್ತಿದ್ದ. ಹೊಸದು ಬೇಕೆ ಬೇಡವೆ ಎಂದು ಒಂದೇ ಪ್ರಶ್ನೆ ಕೇಳಿದಾಗ ಮೂರು ದುಃಖಗಳನ್ನು ಒಂದೇ ತಕ್ಕಡಿಗೆ ಹಾಕಿದಂತಾಯಿತು.

ಕ್ರೀಡಾಂಗಣವೆಂಬುದು ವಿಚಿತ್ರವಾದ ಕಟ್ಟಡ. ವರ್ಷದ ಮುನ್ನೂರು ದಿನ ಅದು ಖಾಲಿ. ದೇವರಿಲ್ಲದ ದೇವಾಲಯವೆಂದರೂ ಸಲ್ಲುತ್ತದೆ. ಜನ ಬಂದು ಕೂತರೆ ಮಾತ್ರ ಅದಕ್ಕೆ ಅರ್ಥ. ಆದಕಾರಣ ನಗರವೊಂದು ಕ್ರೀಡಾಂಗಣಕ್ಕೆ ಹಣ ಸುರಿಯುವಾಗ ಅದು ಕೊಳ್ಳುವುದು ಆಸನಗಳನ್ನಲ್ಲ, ಜನಜಂಗುಳಿಯ ದಾರಿಯನ್ನು. ಜನ ಎಲ್ಲಿ ಇಳಿಯಬೇಕು, ಎಲ್ಲಿ ಉಣ್ಣಬೇಕು, ಯಾವ ಬೀದಿಯಲ್ಲಿ ನಡೆಯಬೇಕು ಎಂಬುದನ್ನು ಆ ಹಣ ತೀರ್ಮಾನಿಸುತ್ತದೆ. ಜನ ಇನ್ನು ಮುಂದೆ ಯಾವ ಬೀದಿಯಲ್ಲಿ ನಡೆಯುವುದಿಲ್ಲ ಎಂಬುದನ್ನೂ ಅದೇ ತೀರ್ಮಾನಿಸುತ್ತದೆ. ಮೊದಲನೆಯದನ್ನು ಯೋಜನೆಯ ಪುಟಗಳಲ್ಲಿ ಬಣ್ಣದ ಚಿತ್ರವಾಗಿ ಅಚ್ಚು ಹಾಕುತ್ತಾರೆ. ಎರಡನೆಯದಕ್ಕೆ ಯಾರೂ ಚಿತ್ರ ಬರೆಯುವುದಿಲ್ಲ.

ಹೊಸ ಕ್ರೀಡಾಂಗಣ 2021ರ ಅಕ್ಟೋಬರಿನಲ್ಲಿ ತೆರೆಯಿತು. ವಿಮಾ ಸಂಸ್ಥೆಯೊಂದು ಹಣ ಕೊಟ್ಟು ಹೆಸರನ್ನು ಪಡೆದುದರಿಂದ ಅದು ‘ಪ್ರೊಟೆಕ್ಟಿವ್ ಸ್ಟೇಡಿಯಂ’ ಆಯಿತು. ಮೊದಲ ದಿನ 37,000ಕ್ಕೂ ಹೆಚ್ಚು ಜನ ಬಂದರು, ಯು.ಎ.ಬಿ. ತಂಡ ಆ ದಿನ ಸೋತಿತು, ಆದರೆ ಅದಕ್ಕಾಗಿ ಯಾರೂ ಬೇಗ ಎದ್ದುಹೋಗಲೊಲ್ಲರು ಎಂಬಂಥ ದಿನ ಅದು. ಒಮ್ಮೆ ಅಳಿಸಿಹಾಕಲ್ಪಟ್ಟ ತಂಡಕ್ಕೆ ಊರ ನಡುವೆ ನೆಲೆ ಸಿಕ್ಕಿತು. ಆ ಸಂತೋಷವನ್ನು ಅಲ್ಲಗಳೆಯುವುದು ಸಲ್ಲದು.

ಮ್ಯಾಜಿಕ್ ಸಿಟಿ ಕ್ಲಾಸಿಕ್ ಮಾತ್ರ ಹೊಸ ಮನೆ ಆದ ಮೇಲೂ ಹಳೆಯ ಅಂಗಣದಲ್ಲಿಯೇ ನಡೆಯಿತು. ಅದರ ಜಾತ್ರೆಗೆ ಪಂದ್ಯ ಒಂದು ನೆಪ. ಮೆರವಣಿಗೆ, ವಾದ್ಯಮೇಳ, ದಿನಗಟ್ಟಲೆ ಅಂಗಣದ ಹೊರಗೆ ಡೇರೆ ಹಾಕಿ ಕೂರುವ ಬಂಧುಬಳಗ, ಇದಕ್ಕೆಲ್ಲ ಪಶ್ಚಿಮದ ಆ ವಿಶಾಲ ಬಯಲೇ ಬೇಕು. ಒಂದು ಕಾಲದಲ್ಲಿ ಯಾರನ್ನು ಆಟದಿಂದ ಹೊರಗಿಡಲು ಕಾಯಿದೆ ಮಾಡಿದ್ದರೋ, ಅವರೇ ಎಲ್ಲರೂ ಬಿಟ್ಟುಹೋದ ಅಂಗಣದಲ್ಲಿ ದೀಪ ಹಚ್ಚುತ್ತ ಬಂದರು. ಆದರೆ ವರ್ಷಕ್ಕೊಂದು ಜಾತ್ರೆಯಿಂದ ಬಡಾವಣೆಯೊಂದು ಬದುಕದು. ಅದೇ ಪಶ್ಚಿಮ ಭಾಗದಲ್ಲಿದ್ದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು, 1927ರ ಆ ಮೊದಲ ಪಂದ್ಯವನ್ನು ಆಡಿದ ಕಾಲೇಜು, ಹಣದ ಮುಗ್ಗಟ್ಟಿನಿಂದ 2024ರಲ್ಲಿ ಬಾಗಿಲು ಹಾಕಿತು.

ಹೊಸದನ್ನು ಕಟ್ಟಬಾರದೆಂಬುದು ಇದರ ಪಾಠವಲ್ಲ. ಹಳೆಯದೆಲ್ಲವನ್ನೂ ನೆನಪಿನ ಹೆಸರಿನಲ್ಲಿ ಉಳಿಸಲು ಹೊರಟರೆ ಊರು ವಸ್ತುಸಂಗ್ರಹಾಲಯವಾದೀತು. ಅದರ ಮೇಲಂತಸ್ತೂ ಒಂದು ದಿನ ಕಳಚಲೇಬೇಕಾದೀತು. ನಾನು ಹೇಳುವುದು ಇಷ್ಟೆ: ಹೊಸ ಅಂಗಣದ ನಕ್ಷೆಯನ್ನು ಮೇಜಿನ ಮೇಲೆ ಹರಡುವಾಗ ಹಳೆಯ ಅಂಗಣದ ನಕ್ಷೆಯೂ ಅದರ ಪಕ್ಕದಲ್ಲಿರಬೇಕು, ಎರಡಕ್ಕೂ ಒಂದೇ ದಿನ ಮತ ಬೀಳಬೇಕು. ಅಭಿಮಾನಿಗಳ ವಾದದಲ್ಲಿ ಗೆದ್ದವರು ಯಾರೆಂದು ಕೇಳಿದರೆ ಹೊಸ ಕ್ರೀಡಾಂಗಣದತ್ತ ಬೆರಳು ತೋರಿಸಬಹುದು. ಪಶ್ಚಿಮದ ಮನೆಗಳ ಮುಂದಿನ ಅಂಗಳಗಳಲ್ಲಿ, ಶರತ್ಕಾಲದ ಶನಿವಾರ, ಕಾರುಗಳು ನಿಲ್ಲುತ್ತಿದ್ದ ಜಾಗದಲ್ಲಿ ಹುಲ್ಲು ಬೆಳೆದಿದ್ದರೆ, ಆ ಹುಲ್ಲಿಗೂ ವಾದದಲ್ಲಿ ಒಂದು ಪಕ್ಷವಿತ್ತೆಂಬುದನ್ನು ನಾವು ಮರೆಯಬಾರದು.