ಉದ್ರಿ ಪುಸ್ತಕ ಯಾರ ದುಡ್ಡಲ್ಲಿ ನಡೆಯುತ್ತೆ?

ಇವತ್ತು ನಮ್ಮ ದೇವನಹಳ್ಳಿ ಪೇಟೆ ವಿಷಯ.

2020ರ ಮೇ 12ರಂದು ಪ್ರಧಾನಿ ಮೋದಿ ‘ವೋಕಲ್ ಫಾರ್ ಲೋಕಲ್’ ಅಂದ್ರು. ಸರಿ. ಆದ್ರೆ ನಮ್ಮ ದೇಶದ ಸೋಪನ್ನ ಆ್ಯಪ್‌ನಲ್ಲಿ ತರಿಸಿದ್ರೂ ಅದು ‘ಲೋಕಲ್’ ಆಗುತ್ತೆ. ಕೋಟೆ ಪಕ್ಕದ ಅಂಗಡಿಗೆ ಅದರಿಂದ ಒಂದು ರೂಪಾಯಿಯೂ ಬರಲ್ಲ.

ಅಮೆರಿಕದಲ್ಲಿ ಸಣ್ಣ ಅಂಗಡಿಗಳಿಗೆ ಅಂತಾನೇ ‘ಸ್ಮಾಲ್ ಬಿಸಿನೆಸ್ ಸ್ಯಾಟರ್ಡೇ’ ಇದೆ. 2010ರಲ್ಲಿ ಶುರು ಮಾಡಿದ್ದು ಅಮೆರಿಕನ್ ಎಕ್ಸ್‌ಪ್ರೆಸ್, ಅಂದ್ರೆ ಕಾರ್ಡ್ ಕಂಪನಿ! ಕಾರ್ಡ್ ಉಜ್ಜಿದಷ್ಟೂ ಅದಕ್ಕೆ ಕಮಿಷನ್. ಕಾಮರ್ಸ್ ಓದಿದ ನನಗೆ ನಗು ಬಂತು.

ಇಲ್ಲಿನ ಕಥೆ ಬೇರೆ. 2008ರಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ಸುತ್ತಮುತ್ತ ಲೇಔಟು, ಅಪಾರ್ಟ್‌ಮೆಂಟ್ ಎದ್ದವು. ಹೊಸಬರಿಗೆ ಹೈವೇ ಗೊತ್ತು, ಪೇಟೆ ಬೀದಿ ಗೊತ್ತಿಲ್ಲ. ಅವರಿಗೆ ‘ನಮ್ಮೂರಲ್ಲೇ ಕೊಳ್ಳಿ’ ಅಂತ ಬ್ಯಾನರ್ ಕಟ್ಟಿದ್ರೆ ಏನು ಅನಿಸುತ್ತೆ?

ಅಸಲು ವಿಷಯ ಉದ್ರಿ. ಸಂಬಳ ಬರೋವರೆಗೂ ಅಂಗಡಿಯವರು ಪುಸ್ತಕದಲ್ಲಿ ಬರ್ಕೊಂಡು ಅಕ್ಕಿ, ಬೇಳೆ, ಎಣ್ಣೆ ಕೊಡ್ತಾರೆ, ಬಡ್ಡಿ ಇಲ್ಲದೆ. ಯಾವ ಆ್ಯಪ್ ಇವರನ್ನ ಮುಖ ನೋಡಿ ನಂಬುತ್ತೆ? ಆದ್ರೆ ಹೋಲ್‌ಸೇಲ್‌ನವರಿಗೆ ಕಟ್ಟೋ ದುಡ್ಡು ಬರೋದು ಕೈಯಲ್ಲಿ ಕಾಸು ಇರೋ ಗಿರಾಕಿಯಿಂದ. ಆ ಗಿರಾಕಿ ಆ್ಯಪ್‌ಗೆ ಹೋದ್ರೆ, ಉದ್ರಿ ನಂಬಿರೋ ಮನೆಗೆ ಮೊದಲು ಏಟು.

ಹಂಗಾಗಿ ಈ ತಿಂಗಳ ದಿನಸೀಲಿ ಒಂದು ಪಾಲು ಪೇಟೇಲಿ ತಗೊಳ್ಳಿ. ಅಲ್ಲೇ ದುಡ್ಡು ಕೊಡಿ. ಜಿಐ ಟ್ಯಾಗ್ ಇರೋ ನಮ್ಮ ಚಕ್ಕೋತ ಕಂಡ್ರೆ, ಅದೂ ಒಂದು.